ಮನ್ರೊಗೆ ಕಾಣದ್ದು ನಿಮಗೇಕೆ ಕಾಣಬೇಕು?

ಪತ್ರ: ಮೈಸೂರಿನ ಹೈದರ್, ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯನ್ನು ಎದುರಿಸಿದ ಪೊಳ್ಳಿಲೂರು ಕದನವನ್ನು ಮೇಜಿನ ಮೇಲೆ 15 ಮಿಲಿಮೀಟರ್ ಬೊಂಬೆಗಳಲ್ಲಿ ಯುದ್ಧದಾಟವಾಗಿ ಆಡಿದೆವು. ಸೇನೆಗಳನ್ನು ಎದುರಾಳಿಗೆ ಕಾಣದಂತೆ ಮರೆಮಾಡಿ ಆಡಿ ಎಂದಿದ್ದಿರಿ. ಹಾಗೆ ಮಾಡಿದರೆ ಅರ್ಧ ಜನ ಆಕಳಿಸುತ್ತಾರೆ, ಬಣ್ಣ ಬಳಿದ ಶ್ರಮ ಯಾರಿಗೂ ಕಾಣುವುದಿಲ್ಲ, ಅಂಪೈರ್ ಸರ್ವಾಧಿಕಾರಿಯಾಗುತ್ತಾನೆ. ಎಲ್ಲವನ್ನೂ ಬಯಲಲ್ಲಿಟ್ಟು ಆಡಿದರೆ ತಪ್ಪೇನಿದೆ? ಕಂಪನಿಯ ಸೇನಾಪತಿ ಮನ್ರೊನ ಪಾತ್ರ ವಹಿಸಿದ ನಮ್ಮ ಆಟಗಾರ ನೇರ ನಡೆದು, ಮೈಸೂರಿನವರು ಸುತ್ತುವರಿದಿದ್ದ ಕಂಪನಿಯ ಇನ್ನೊಬ್ಬ ದಳಪತಿ ಬೇಯ್ಲಿಯನ್ನು ಉಳಿಸಿಯೇ ಬಿಟ್ಟ.

ಉತ್ತರ: ಬಣ್ಣದ ಮಾತು ಒಪ್ಪಿದೆ. ಆದರೆ ಉಳಿಸದೆ ಏನು ಮಾಡಿಯಾನು, ಮೇಜಿನ ಮೇಲಿಂದ ಎಲ್ಲ ನೋಡುತ್ತಿದ್ದನಲ್ಲ! 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದಿಂದ ಹೊರಟ ಹೆಕ್ಟರ್ ಮನ್ರೊಗೆ ಫಿರಂಗಿ ಸದ್ದು ಕೇಳುತ್ತಿತ್ತು. ಸೋಲುತ್ತಿರುವವರು ಯಾರೆಂದು ತಿಳಿಯುತ್ತಿರಲಿಲ್ಲ. ಎದುರಿಗಿದ್ದ ಹೈದರ್ ರಾತ್ರೋರಾತ್ರಿ ಟಿಪ್ಪುವಿನತ್ತ ಜಾರಿಕೊಂಡದ್ದೂ ಅವನಿಗೆ ಸಕಾಲಕ್ಕೆ ಗೊತ್ತಾಗಲಿಲ್ಲ. ಇದನ್ನು ಬಿಟ್ಟರೆ ಪೊಳ್ಳಿಲೂರಿನಲ್ಲಿ ಉಳಿಯುವುದು ಬರೀ ದಾಳ.

ಮನ್ರೊಗೊಂದು ಕೋಣೆ, ಬೇಯ್ಲಿಗೊಂದು ಕೋಣೆ, ತಲಾ ಒಂದು ನಕ್ಷೆ ಕೊಡಿ. ಆಟದ ಒಂದು ಸುತ್ತೆಂದರೆ ಕದನದ 15 ನಿಮಿಷ. ಸಂದೇಶ 20 ಪದ ಮೀರಬಾರದು, ಬರೆದ ಹೊತ್ತು ನಮೂದಾಗಿರಬೇಕು. ಸವಾರನಿಗೆ ಗಂಟೆಗೆ 8 ಕಿಲೋಮೀಟರ್ ಲೆಕ್ಕ ಹಿಡಿಯಿರಿ: 4 ಕಿಲೋಮೀಟರ್ ದೂರಕ್ಕೆ ಬರೆದ ಚೀಟಿ ಎರಡು ಸುತ್ತು ಕಳೆದ ಮೇಲೆ ತೆರೆಯುವ ಲಕೋಟೆಗೆ ಹೋಗುತ್ತದೆ. ದಾರಿಯಲ್ಲಿ ಮೈಸೂರು ಕುದುರೆಗಳಿದ್ದರೆ ದಾಳ ಹಾಕಿ. 1 ಅಥವಾ 2 ಬಿದ್ದರೆ ಚೀಟಿ ಹೈದರ್ ಕೈಗೆ. ಇರುವುದೊಂದೇ ಕೋಣೆಯಾದರೆ ಬೊಂಬೆಗಳ ಬದಲು ಮಗುಚಿಟ್ಟ ರಟ್ಟಿನ ಕಾರ್ಡು ನಡೆಸಿ. ಮೂರರಲ್ಲೊಂದು ಸೇನೆಯಿಲ್ಲದ ಹುಸಿ ಕಾರ್ಡಾಗಿರಲಿ, ಕಣ್ಣಳತೆಗೆ ಬಂದಾಗ ಮಾತ್ರ ತಿರುಗಿಸಿ. ನಿಮ್ಮ ಬಣ್ಣಕ್ಕೂ ನ್ಯಾಯ ಸಿಗಬೇಕಲ್ಲವೇ? ಬೊಂಬೆಯ ಕಣ್ಣಮಟ್ಟದಿಂದ ಮೊಬೈಲ್‌ನಲ್ಲಿ ಫೋಟೊ ತೆಗೆದು ಕೋಣೆಗೆ ಕಳಿಸಿ.

ಆಕಳಿಕೆ ಬರುವುದು ಮರೆಮಾಡಿದ್ದರಿಂದಲ್ಲ, ಅಂಪೈರ್ ಒಬ್ಬನೇ ಚೀಟಿಯನ್ನೂ ಕಾದಾಟವನ್ನೂ ನೋಡಿಕೊಳ್ಳುವುದರಿಂದ. ಕಾದಾಟಕ್ಕೆ ಇನ್ನೊಬ್ಬರನ್ನು ಕೂರಿಸಿ. ಏನೂ ನಡೆಯದ ಸುತ್ತುಗಳನ್ನು ಹಾರಿಸಿ. ಬಾಯಿ ಬಿಗಿಹಿಡಿಯದ ಅಂಪೈರ್ ಇನ್ನೊಂದು ಕಾಟ: ‘ಬೇಯ್ಲಿ ಸೋಲುತ್ತಿದ್ದಾನೆ’ ಎಂದುಬಿಡುತ್ತಾನೆ. ‘ಉತ್ತರಕ್ಕೆ ಫಿರಂಗಿ ಸದ್ದು, ಹೊಗೆ’ ಎಂದಷ್ಟೇ ಹೇಳಬೇಕು.

ಸರ್ವಾಧಿಕಾರಿ ಅಂದಿರಿ. 1824ರಲ್ಲಿ ಪ್ರಷ್ಯಾದ ಸೈನ್ಯಾಧಿಕಾರಿ ರೈಸ್‌ವಿಟ್ಸ್ ಇಂಥದೇ ಯುದ್ಧದಾಟದಿಂದ, 1:8000ದ ನಕ್ಷೆಯ ಮೇಲೆ, 2 ನಿಮಿಷದ ಸುತ್ತುಗಳಲ್ಲಿ ಸೈನ್ಯಾಧಿಕಾರಿಗಳನ್ನು ಪಳಗಿಸಲು ಹೊರಟಾಗಲೂ ಯಾರಿಗೆ ಎಷ್ಟು ಕಾಣಬೇಕೆಂದು ತೀರ್ಮಾನಿಸುತ್ತಿದ್ದವನು ಅಂಪೈರೇ. ನಮಗೋ ಶಾಲೆಯಿಂದಲೇ ಬಾಣದ ಗುರುತಿನ ನಕ್ಷೆಗಳ ಚಟ ಹತ್ತಿದೆ. ಎರಡೂ ಕಡೆಯ ಬಾಣ ಒಟ್ಟಿಗೇ ಕಂಡ ಮೇಲೆ ಸೋತವನೆಲ್ಲ ಪೆದ್ದನೇ! ಯುದ್ಧ ಕುರಿತ ಲೇಖನಗಳೂ ಅದೇ ಧಾಟಿಯಲ್ಲಿ ಬರುತ್ತಿವೆ, ನಮ್ಮ ಕಚೇರಿಗೂ.

ಮುಂದಿನ ಸಲ ಆಟಗಾರರಿಗೆ ಕದನದ ಹೆಸರನ್ನೇ ಹೇಳಬೇಡಿ. ಊರು, ಸೇನಾಪತಿಗಳ ಹೆಸರು ಬದಲಿಸಿ, ನಕ್ಷೆಯನ್ನು ತಿರುಗಿಸಿ ಕೊಡಿ. ಇತಿಹಾಸ ಓದಿಕೊಂಡವರಿಗೆ ‘ಕಾಂಚೀಪುರ’ ಎಂದೊಡನೆ ಅರ್ಧ ಗುಟ್ಟು ರಟ್ಟು.