ಟೆಸ್ಟ್ ಎಲ್ಲ ನಾರ್ಮಲ್, ಆದರೂ ನೀಲಿ ಕಲೆ ಯಾಕೆ?
ಮಗಳಿಗೆ ಎಹ್ಲರ್ಸ್-ಡಾನ್ಲಾಸ್ (ದೇಹದ ಅಂಗಾಂಶಗಳನ್ನು ಸಡಿಲಗೊಳಿಸುವ ಆನುವಂಶಿಕ ಕಾಯಿಲೆ) ಇದೆ, ಪ್ಲೇಟ್‌ಲೆಟ್, ಪಿಟಿ, ಎಪಿಟಿಟಿ (ರಕ್ತ ಹೆಪ್ಪುಗಟ್ಟುವುದನ್ನು ನೋಡುವ ಟೆಸ್ಟ್‌ಗಳು) ಎಲ್ಲ ಸರಿಯಿದೆ, ಆದರೂ ಮಂಚದ ಅಂಚು ತಗುಲಿದರೆ ಸಾಕು ನೀಲಿಗಟ್ಟುತ್ತದೆ, ಯಾಕೆ ಅಂತ ಕೇಳಿದ್ದೀರಿ. ತೊಂದರೆ ಇರುವುದು ರಕ್ತದಲ್ಲಲ್ಲ, ಪೈಪಿನಲ್ಲಿ. ಸಣ್ಣ ರಕ್ತನಾಳವನ್ನೂ ಸುತ್ತಲಿನ ಚರ್ಮವನ್ನೂ ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನೇ ಸಡಿಲ. ಲ್ಯಾಬಿನವರು ನೋಡುವುದು ಟ್ಯೂಬಿನಲ್ಲಿರುವ ರಕ್ತವನ್ನು. ನಾಳದ ಗೋಡೆ ಆ ಟ್ಯೂಬಿಗೆ ಬರುವುದಿಲ್ಲ, ಅಲ್ವಾ? ನನಗೂ ಇದೇ ಕಾಯಿಲೆ. ಶಾಲೆಯಲ್ಲಿ 'ಯಾರು ಹೊಡೆದರು' ಅಂತ ಕೇಳುತ್ತಿದ್ದರು!

ವಾನ್ ವಿಲ್ಲೆಬ್ರಾಂಡ್ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಇನ್ನೊಂದು ಕಾಯಿಲೆ) ಪರೀಕ್ಷೆ ಆಗಿಲ್ಲದಿದ್ದರೆ ವೈದ್ಯರನ್ನು ಕೇಳಿ. ಪಿಟಿ, ಎಪಿಟಿಟಿ ಸರಿಯಿದ್ದರೂ ಅದು ಇರಬಹುದು. ನೋವಿಗೆ ಸುಮ್ನೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಹಲ್ಲು ಕೀಳಿಸುವ ಮೊದಲೇ ಡೆಂಟಿಸ್ಟ್‌ಗೆ ಹೇಳಿಬಿಡಿ.

ಎಹ್ಲರ್ಸ್-ಡಾನ್ಲಾಸ್‌ನಲ್ಲಿ ಯಾವ ಬಗೆ ಅಂತ ಜೀನ್ ಟೆಸ್ಟ್ ಆಗಿದೆಯಾ? ವಾಸ್ಕ್ಯುಲರ್ (ರಕ್ತನಾಳದ) ಬಗೆಯಲ್ಲಿ ದೊಡ್ಡ ರಕ್ತನಾಳವೇ ಒಡೆಯಬಹುದು. ಹಾಗಿದ್ದರೆ ಎದೆಯಲ್ಲೋ ಹೊಟ್ಟೆಯಲ್ಲೋ ದಿಢೀರ್ ನೋವು ಬಂದಾಗ ಗ್ಯಾಸ್ ಅಂದುಕೊಂಡು ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.