ಮಗಳು ಮಂಗಳೂರಿಗೆ ಹೊರಟಿದ್ದಾಳೆ, ಅಲ್ಲಿ ಹೇಗೆ?

ಸಿರುಗುಪ್ಪದಿಂದ ಓದುಗರೊಬ್ಬರು ಬರೆದಿದ್ದಾರೆ: ‘ಮಗಳಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ. ಅಲ್ಲಿ ಬರೇ ತುಳು, ಕನ್ನಡ ನಡೆಯಲ್ಲ ಅಂತಾರೆ. ಗಲಾಟೆ ಊರು ಅಂತಲೂ ಅಂತಾರೆ. ನೀವು ಅಲ್ಲಿ ಇದ್ದವರಂತೆ. ನಮ್ಮ ಹುಡುಗಿ ಹೊಂದಿಕೊಳ್ಳುತ್ತಾಳಾ?’

ಅಕ್ಕಾ, ಕನ್ನಡದ ಚಿಂತೆ ಬಿಡಿ. ಅಲ್ಲಿ ನಿಮ್ಮ ಮಗಳ ಜತೆ ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಾರೆ. ಅದೂ ‘ಹೋಗ್ತೇನೆ, ಬರ್ತೇನೆ’ ಅಂತ ಪಾಠ ಓದಿದ ಹಾಗೆ, ಒಂದಕ್ಷರ ಬಿಡದೆ. ತೊಂದರೆ ಇರುವುದೇ ಅಲ್ಲಿ. ಹೇಳುತ್ತೇನೆ.

ನಾನು ಬಳ್ಳಾರಿ ಬಿಟ್ಟು ಮೂರು ವರ್ಷ ಆ ಊರಲ್ಲಿದ್ದೆ. ಮೊದಲ ದಿನ ಬಸ್‌ಸ್ಟಾಪಲ್ಲಿ ನಿಂತರೆ ಬಂದ ಬಸ್ಸಿನವರೆಲ್ಲ ‘ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್’ ಅಂತ ಕೂಗುತ್ತಿದ್ದರು. ಈ ಜನಕ್ಕೆ ಬೆಳಗಾದರೆ ಬ್ಯಾಂಕಲ್ಲೇ ಕೆಲಸ ಇರಬೇಕು ಅಂದುಕೊಂಡೆ. ಅದು ಸಿಟಿ ಬಸ್ಸುಗಳ ನಿಲ್ದಾಣದ ಹೆಸರು! ಹಂಪನಕಟ್ಟೆ ಅಂದಾಗಲೂ ಹಾಗೇ, ನಮ್ಮ ಹಂಪೆಗೆ ಏನೋ ನಂಟಿದೆ ಅಂತ ಖುಷಿಪಟ್ಟೆ. ನಂಟೇನೂ ಇಲ್ಲ.

ಅಲ್ಲಿ ನಾನು ಮೊದಲು ಕೊಂಡದ್ದು ಕೊಡೆ. ನಮ್ಮಲ್ಲಿ ಕೊಡೆ ಬಿಸಿಲಿಗೆ, ಅಲ್ವಾ? ಬಳ್ಳಾರಿಗೆ ವರ್ಷವಿಡೀ ಬೀಳುವುದು ಹೆಚ್ಚುಕಮ್ಮಿ 500 ಮಿಲಿಮೀಟರ್ ಮಳೆ. ಮಂಗಳೂರಿಗೆ 3,500 ದಾಟುತ್ತದೆ. ಬಂದರಿನ ಹತ್ತಿರ ಒಂದು ಸಣ್ಣ ಅಂಗಡಿ. ಅಂಗಡಿಯವರು ಬ್ಯಾರಿ ಮುಸ್ಲಿಮರು. ಕೆಲಸದ ಹುಡುಗನಿಗೆ ಬ್ಯಾರಿ ಭಾಷೆಯಲ್ಲಿ ಏನೋ ಹೇಳಿದರು. ಪಕ್ಕದಲ್ಲಿದ್ದ ಕ್ರಿಶ್ಚಿಯನ್ ಹೆಂಗಸಿನ ಜತೆ ಕೊಂಕಣಿಯಲ್ಲಿ ಚೌಕಾಶಿ. ಮೂಟೆ ಇಳಿಸುತ್ತಿದ್ದವನಿಗೆ ತುಳುವಿನಲ್ಲಿ ಬೈಗುಳ. ಫೋನ್ ಬಂತು, ಮಲಯಾಳ. ಕೊನೆಗೆ ನನ್ನ ಕಡೆ ತಿರುಗಿ, ‘ನಿಮಗೆ ಎಂಥ ಬೇಕಿತ್ತು?’ ಕೊಡೆ ಬಿಚ್ಚಿ ತೋರಿಸುವಷ್ಟರಲ್ಲಿ ಐದು ಭಾಷೆ. ಅವರಿಗೆ ಅದು ಗಮನಕ್ಕೂ ಬಂದಿರಲಿಲ್ಲ. ಊರಿಗೂ ಹಾಗೇ ಹಲವು ಹೆಸರು: ತುಳುವರಿಗೆ ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ್, ಬ್ಯಾರಿಗಳಿಗೆ ಮೈಕಾಲ.

ನೀವು ಹೇಳಬಹುದು, ನಮ್ಮಲ್ಲೇನು ಕಮ್ಮಿ? ನಿಜ. ಬಳ್ಳಾರಿ ಬ್ರೂಸ್‌ಪೇಟೆಯಲ್ಲಿ ನಿಂತರೆ ಕನ್ನಡ, ತೆಲುಗು, ಉರ್ದು ಎಲ್ಲ ಕಿವಿಗೆ ಬೀಳುತ್ತವೆ. ಆದರೆ ನಮ್ಮಲ್ಲಿ ಅವು ಕಲಸಿಹೋಗಿವೆ. ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತದೆ, ನಡುವೆ ಒಂದು ಉರ್ದು ಬೈಗುಳ ಇರುತ್ತದೆ. ಹೊಸಬ ಬಂದರೂ ಅದೇ ಚಿತ್ರಾನ್ನದೊಳಗೆ ಬೀಳುತ್ತಾನೆ. ಮಂಗಳೂರಿನದು ಊಟದ ಎಲೆ ಇದ್ದ ಹಾಗೆ, ಒಂದೊಂದು ಪದಾರ್ಥಕ್ಕೂ ಒಂದೊಂದು ಜಾಗ. ನಿಮ್ಮ ಮುಖ ನೋಡಿ ಭಾಷೆ ಬದಲಾಗುತ್ತದೆ. ಅದು ಮರ್ಯಾದೆಯೂ ಹೌದು, ಬೇಲಿಯೂ ಹೌದು. ಆಫೀಸಲ್ಲಿ ಎಲ್ಲರೂ ತುಳುವಿನಲ್ಲಿ ನಗುತ್ತಿರುತ್ತಾರೆ, ನಾನು ಹೋದ ತಕ್ಷಣ ಚೊಕ್ಕ ಕನ್ನಡ. ನಗು ಅಲ್ಲಿಗೇ ನಿಂತುಬಿಡುತ್ತಿತ್ತು. ಒಂದು ವರ್ಷ ನಾನು ಅಲ್ಲಿ ‘ಘಟ್ಟದವ’ನಾಗಿಯೇ ಇದ್ದೆ, ಅಂದರೆ ಘಟ್ಟದ ಮೇಲಿಂದ ಬಂದ ಹೊರಗಿನವ. ರಾಯಚೂರು, ಕೊಪ್ಪಳದಿಂದ ಕಟ್ಟಡ ಕೆಲಸಕ್ಕೆ ಹೋದ ನಮ್ಮವರಿಗೂ ಅಲ್ಲಿ ಇದೇ ಹೆಸರು, ಸ್ವಲ್ಪ ಬೇರೆ ದನಿಯಲ್ಲಿ. ಬಾಡಿಗೆ ಮನೆ ಕೇಳಲು ಹೋದಾಗ ಒಬ್ಬರು ಊರು, ಜಾತಿ, ಮೀನು ತಿನ್ನುತ್ತೀರಾ ಅಂತ ಎಲ್ಲ ಕೇಳಿ, ಚಹಾ ಕೊಟ್ಟು, ಮನೆ ಇಲ್ಲ ಅಂದರು. ಚಹಾ ಚೆನ್ನಾಗಿತ್ತು.

ಅದಕ್ಕೇ ಹೇಳುವುದು, ಮಗಳು ತುಳು ಕಲಿಯಲಿ. ಪೂರ್ತಿ ಬೇಡ. ‘ವನಸ್ ಆಂಡಾ?’ ಅಂದರೆ ಊಟ ಆಯ್ತಾ. ನನಗೆ ಬೇಲಿ ತೆಗೆದದ್ದು ಈ ಎರಡು ಮಾತು. ನರ್ಸ್ ಕೆಲಸಕ್ಕೆ ಇನ್ನೂ ಸುಲಭ. ನೋವಿಗೆ ತುಳುವಿನಲ್ಲೂ ಬೇನೆ ಅಂತಲೇ ಹೇಳುತ್ತಾರೆ, ನಮ್ಮ ಅಜ್ಜಿಯರ ಮಾತೇ. ಕಾಸರಗೋಡಿನಿಂದ ಬರುವ ರೋಗಿಗಳೂ ಜಾಸ್ತಿ, ನಾಲ್ಕು ಮಲಯಾಳ ಮಾತೂ ಕಿವಿಗೆ ಬಿದ್ದಿರಲಿ.

ಗಲಾಟೆಯ ಮಾತು ಮುಚ್ಚಿಡಲ್ಲ. 2009ರಲ್ಲಿ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದದ್ದು ಇದೇ ಊರಲ್ಲಿ. ಯಾರ ಜತೆ ಯಾರು ಕೂತರು ಅಂತ ನೋಡುವ ಕಣ್ಣುಗಳು ಅಲ್ಲಿವೆ. ಒಂದು ಕೊಲೆಯಾದರೆ ಅರ್ಧ ಗಂಟೆಯಲ್ಲಿ ಶಟರ್ ಇಳಿಯುತ್ತವೆ. ಹತ್ತಿರದ ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ಗುಡಿಯ ಕತೆಯಲ್ಲಿ ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿಯೇ ದೊಡ್ಡ ಮನುಷ್ಯ. ಸಾಮರಸ್ಯದ ಭಾಷಣಗಳಲ್ಲಿ ಈ ಕತೆ ತಪ್ಪದೆ ಬರುತ್ತದೆ. ಆದರೆ ಶಟರ್ ಇಳಿದ ದಿನ ನನ್ನನ್ನು ಬೈಕಲ್ಲಿ ಮನೆಗೆ ಬಿಟ್ಟದ್ದು ಕತೆಯಲ್ಲ, ಪಕ್ಕದ ಮೇಜಿನವನು. ಅಂಥ ದಿನ ಕರೆಯಲು ಇಬ್ಬರು ಮೂವರ ನಂಬರ್ ಮಗಳ ಹತ್ತಿರ ಇರಲಿ.

ಪತ್ರಿಕೆಯವನಾಗಿ ಒಂದು ಮಾತು ಹೇಳದಿದ್ದರೆ ಸಮಾಧಾನ ಇಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಅಲ್ಲಿ ಹುಟ್ಟಿತು. ಹೊರಡಿಸಿದ್ದು ಜರ್ಮನಿಯ ಪಾದ್ರಿ ಹರ್ಮನ್ ಮೋಗ್ಲಿಂಗ್. ಕಲ್ಲಚ್ಚಿನಲ್ಲಿ ಮುದ್ರಿಸುತ್ತಿದ್ದರು. ಮರುವರ್ಷವೇ ಅದು ಮುದ್ರಣಕ್ಕೆ ಬಳ್ಳಾರಿಗೆ ಬಂತು, ‘ಕನ್ನಡ ಸಮಾಚಾರ’ ಆಯಿತು. ಅಂದರೆ ಅಕ್ಕಾ, ಅಲ್ಲಿಂದ ಇಲ್ಲಿಗೆ ವಲಸೆ ಬಂದು ಹೊಂದಿಕೊಂಡದ್ದೂ ಇದೆ!

ಹೊರಡುವ ಮುಂಚೆ ಘಟ್ಟದ ರಸ್ತೆ ತೆರೆದಿದೆಯಾ ವಿಚಾರಿಸಿ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿಯುತ್ತದೆ. ಜೋಳದ ಹಿಟ್ಟು ಮೂಟೆಗಟ್ಟಲೆ ಕಳಿಸಬೇಡಿ, ಮುಗ್ಗಲು ಹಿಡಿಯುತ್ತದೆ. ಖಡಕ್ ರೊಟ್ಟಿ ಕಳಿಸಿ, ಆದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ. ಸುಮ್ನೆ ಕಾಗದದಲ್ಲಿ ಸುತ್ತಿ ಇಟ್ಟರೆ ಎರಡೇ ದಿನಕ್ಕೆ ಮೆತ್ತಗಾಗಿ ಚಪಾತಿ ಆಗುತ್ತದೆ. ಶೇಂಗಾ ಚಟ್ನಿಪುಡಿ ಸ್ವಲ್ಪ ಜಾಸ್ತಿಯೇ ಇರಲಿ, ರೂಮಿನಲ್ಲಿ ಜತೆಗಿರುವವರು ಕೇಳುತ್ತಾರೆ.