ಸಂಪಾದಕರ ಉತ್ತರ: ಶಿರಕಾವಾದ ಹುಲ್ಲಿನ ಮನೆಗಳನ್ನು ಉಳಿಸಿದವರು ಯಾರು?

ಮಾನ್ಯರೇ,

ಜಪಾನಿನ ಶಿರಕಾವಾ-ಗೋ ಕಣಿವೆಯ ಹುಲ್ಲಿನ ಮನೆಗಳ ಕುರಿತ ನಮ್ಮ ಲೇಖನಕ್ಕೆ ನೀವು ಬರೆದ ಪ್ರತಿಕ್ರಿಯೆ ತಲುಪಿತು. ಆ ಮನೆಗಳು ಉಳಿದದ್ದು ಸರ್ಕಾರದ ಹಣ ಮತ್ತು ಯುನೆಸ್ಕೊ ಮನ್ನಣೆಯಿಂದಲೇ ಹೊರತು ಊರಿನವರ ಶ್ರಮದಿಂದಲ್ಲ ಎಂಬುದು ನಿಮ್ಮ ಆಕ್ಷೇಪ. ಅವುಗಳನ್ನು ವಸ್ತುಸಂಗ್ರಹಾಲಯ ಮಾಡಿದರೆ ಸಾಲದೆ ಎಂದೂ ಕೇಳಿದ್ದೀರಿ.

ಹಣದ ಮಾತು ನಿಜ. ಚಾವಣಿಯ ಹುಲ್ಲು ಬದಲಿಸುವ ವೆಚ್ಚ ಇಂದು ಒಂದು ಕುಟುಂಬದ ಕೈಗೆಟುಕುವಂಥದ್ದಲ್ಲ; ಅದರ ದೊಡ್ಡ ಪಾಲನ್ನು ಸಾರ್ವಜನಿಕ ಅನುದಾನವೇ ಭರಿಸುತ್ತದೆ, ಎಷ್ಟೋ ಮನೆಗಳ ಕೆಲಸವನ್ನು ಕಸುಬುದಾರರೇ ಮಾಡುತ್ತಾರೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ದಯವಿಟ್ಟು ಗಮನಿಸಿ. ಅಣೆಕಟ್ಟಿನ ನೀರಿನಲ್ಲಿ ಹಳ್ಳಿಗಳು ಮುಳುಗಿ, ಅಟ್ಟಗಳ ಮೇಲಿನ ರೇಷ್ಮೆಹುಳು ಸಾಕಣೆ ನಿಂತು, ಹಳೆಯ ಮನೆಗಳು ಒಂದೊಂದಾಗಿ ಕಣ್ಮರೆಯಾಗುತ್ತಿದ್ದ ಹೊತ್ತಿನಲ್ಲಿ, 1971ರಲ್ಲಿ, ಆ ಕಣಿವೆಯ ಓಗಿಮಾಚಿ ಎಂಬ ಹಳ್ಳಿಯ ನಿವಾಸಿಗಳು ತಾವೇ ಸಂಘ ಕಟ್ಟಿಕೊಂಡು, ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಎಂಬ ಕಟ್ಟುಪಾಡು ಹಾಕಿಕೊಂಡರು. ರಾಷ್ಟ್ರೀಯ ಸಂರಕ್ಷಣಾ ವಲಯವೆಂಬ ಮಾನ್ಯತೆ ಬಂದದ್ದು 1976ರಲ್ಲಿ. ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1995ರಲ್ಲಿ. ಊರವರು ಅಂದು ಪಟ್ಟು ಹಿಡಿಯದಿದ್ದರೆ ಅನುದಾನ ಕೊಡಲು ಮನೆಗಳೇ ಉಳಿದಿರುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಶ್ರಮವಂತೂ ಸಣ್ಣದಲ್ಲ. ನಮ್ಮ ಮುಯ್ಯಾಳಿನಂತೆ ಅಲ್ಲಿ 'ಯುಯಿ' ಎಂಬ ಪದ್ಧತಿಯಿದ್ದು, ಒಬ್ಬರ ಮನೆಗೆ ಹುಲ್ಲು ಹೊದಿಸಲು ಊರಿಗೆ ಊರೇ ಬರುತ್ತದೆ. ಸುಮಾರು 60 ಡಿಗ್ರಿಯಷ್ಟು ಕಡಿದಾದ ಚಾವಣಿಯ ಮೇಲೆ ಜನ ಸಾಲುಗಟ್ಟಿ ನಿಂತು ಹುಲ್ಲಿನ ಹೊರೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೇಲಿದ್ದವರು ಹಗ್ಗ ಪೋಣಿಸಿದ ಉದ್ದನೆಯ ಸೂಜಿಯನ್ನು ಹುಲ್ಲಿನೊಳಕ್ಕೆ ಚುಚ್ಚಿದರೆ, ಅಟ್ಟದ ಕತ್ತಲಲ್ಲಿ ಕಾದಿರುವವರು ಹಗ್ಗವನ್ನು ಅಡ್ಡಗಳುವಿಗೆ ಬಳಸಿ ಮತ್ತೆ ಹೊರಕ್ಕೆ ಕೊಡುತ್ತಾರೆ. ಆ ಚಾವಣಿಯನ್ನು ಹಿಡಿದಿಡುವುದು ಮೊಳೆಯಲ್ಲ, ಹಗ್ಗ ಮತ್ತು ಬಳುಕುವ ಕೊಂಬೆಗಳ ಬಿಗಿ. ಹೀಗೆ ಹೊದಿಸಿದ ಹುಲ್ಲು 30-40 ವರ್ಷ ಬಾಳುತ್ತದೆ. ಈ ಕೆಲಸ ಕೈಯಿಂದ ಕೈಗೇ ಕಲಿಯುವಂಥದ್ದಾದ್ದರಿಂದ, ಒಂದು ತಲೆಮಾರು ಅದನ್ನು ಬಿಟ್ಟರೆ ಮುಂದಿನವರಿಗೆ ಎಷ್ಟು ಹಣವಿದ್ದರೂ ಕಷ್ಟವೇ.

ಇನ್ನು ವಸ್ತುಸಂಗ್ರಹಾಲಯದ ವಿಚಾರ. ಮನೆಯೊಳಗಿನ ಅಗ್ಗಿಷ್ಟಿಕೆಯಿಂದ ಏಳುವ ಹೊಗೆ ಹುಲ್ಲಿನ ತೇವವನ್ನು ಆರಿಸುತ್ತದೆ, ಹುಳುಹುಪ್ಪಟೆಗಳನ್ನು ದೂರವಿಡುತ್ತದೆ. ಬೆಂಕಿ ಹೊತ್ತಿಸುವವರಿಲ್ಲದ ಮನೆಯ ಚಾವಣಿ ಬೇಗ ಕೊಳೆಯುತ್ತದೆ. ಸಂಬಳ ಕೊಟ್ಟು ಬೆಂಕಿ ಹಾಕಿಸಬಹುದು, ಆದರೆ ನಡುರಾತ್ರಿ ಸೋರಿದ ಹನಿಯನ್ನು ಮೊದಲು ಕಾಣುವವರು ಅಲ್ಲಿ ಮಲಗಿದ್ದವರೇ. ಓಗಿಮಾಚಿಯ ವಾದಾ ಕುಟುಂಬದ ಮನೆಯಲ್ಲಿ ಪ್ರವಾಸಿಗರಿಗೆ ಪ್ರವೇಶವಿದೆ. ಕುಟುಂಬದವರೂ ಅದೇ ಚಾವಣಿಯ ಕೆಳಗೆ ಬಾಳುತ್ತಿದ್ದಾರೆ. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾದ ಅಗತ್ಯ ಅಲ್ಲಿಯವರಿಗೆ ಬಿದ್ದಿಲ್ಲ.

- ಸಂಪಾದಕ